ಮೊದಲ ಅನುಮಾನ ತನ್ನ ಮೇಲೇ

ಬೆಳಗಿನ ಐದೂ ಮುಕ್ಕಾಲು. ಮೂರನೇ ಮಹಡಿಯ ಮನೆಯೊಂದರ ನಡುಕೋಣೆಯಲ್ಲಿ ಮೂವರು ಒಂದು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಯಾರೂ ಅದನ್ನು ಮುಟ್ಟುತ್ತಿಲ್ಲ. ಹೊರಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಬಾಲ್ಕನಿಯ ತಂತಿಯ ಮೇಲೆ ನಿನ್ನೆಯ ಬಟ್ಟೆಗಳು ಹಾಗೇ ಜೋತುಬಿದ್ದಿವೆ. ನಡುವೆ ಕೂತಿರುವ ನಲವತ್ತರ ಆಸುಪಾಸಿನ ಹೆಂಗಸು ತಮ್ಮ ಎರಡೂ ಅಂಗೈಗಳನ್ನು ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಬಿಡಿಸಿಟ್ಟಿದ್ದಾರೆ. ರಿಪೇರಿಗೆ ಬಂದವರು ಇವರು. ಆದರೆ ಕೂತಿರುವ ರೀತಿ ನೋಡಿದರೆ ವಿಚಾರಣೆಗೆ ಕರೆಸಿಕೊಂಡವರ ಹಾಗಿದೆ.

"ನೀವೇ ಒತ್ತಿ," ಎಂದು ಬಲಕ್ಕೆ ಕೂತ ಆ ಮನೆಯ ಸೊಸೆಗೆ ಹೇಳುತ್ತಾರೆ. "ನಾನು ಮುಟ್ಟಲ್ಲ. ದಿನಾ ಹೇಗೆ ಒತ್ತುತ್ತೀರೋ ಹಾಗೇ ಒತ್ತಿ."

ಸೊಸೆ ಗುಂಡಿ ಒತ್ತುತ್ತಾಳೆ. ಫ್ಯಾನು ಗುಂಯ್‌ಗುಡುತ್ತದೆ, ಪರದೆ ಬೆಳಗುತ್ತದೆ, ಕಂಪನಿಯ ಗುರುತು ಮೂಡುತ್ತದೆ, ಅದರ ಕೆಳಗೆ ಬಿಳಿ ಚುಕ್ಕಿಗಳು ಸುತ್ತಲು ಶುರುಮಾಡುತ್ತವೆ. ಅರ್ಧ ಸುತ್ತು. ಅಷ್ಟಕ್ಕೇ ಪರದೆ ಕಪ್ಪು. ಒಂದು ಕ್ಷಣ ಬಿಟ್ಟು ಅದೇ ಫ್ಯಾನು, ಅದೇ ಗುರುತು, ಅದೇ ಅರ್ಧ ಸುತ್ತು, ಮತ್ತೆ ಕಪ್ಪು. ಮೂರು ಸಲ ಹೀಗೆ ಎದ್ದು ಬಿದ್ದ ಮೇಲೆ ನಾಲ್ಕನೆಯ ಸಲ ಏನೂ ಆಗೇ ಇಲ್ಲವೆಂಬಂತೆ ಪೂರ್ತಿ ತೆರೆದುಕೊಳ್ಳುತ್ತದೆ.

"ನೋಡಿದ್ರಾ? ಐದು ದಿನದಿಂದ ಇದೇ ಪಾಡು," ಎನ್ನುತ್ತಾಳೆ ಸೊಸೆ. "ಒಂಬತ್ತು ಗಂಟೆ ಮೇಲೆ ಯಾರನ್ನಾದ್ರೂ ಕರೆದು ತೋರಿಸಿದ್ರೆ ಮರ್ಯಾದಸ್ಥನ ಹಾಗೆ ನಡೆಯತ್ತೆ. ನನಗೇ ತಲೆ ಕೆಟ್ಟಿದೆ ಅಂತಾರೆ."

"ಅದಕ್ಕೇ ಈ ಹೊತ್ತಿಗೆ ಬಂದಿದ್ದು," ಎಂದು ಹೆಂಗಸು ದಪ್ಪ ರಟ್ಟಿನ ಪುಸ್ತಕವೊಂದನ್ನು ತೆರೆದು ಬರೆದುಕೊಳ್ಳುತ್ತಾರೆ: 5.52, ಮೂರು ಸಲ, ನಾಲ್ಕನೆಯದು ಸರಿ. "ರಾತ್ರಿಯೆಲ್ಲ ತಣ್ಣಗಿದ್ದ ಮಷೀನು ನಿಜ ಹೇಳತ್ತೆ. ಬಿಸಿಯಾದ ಮೇಲೆ ಅದೂ ನಮ್ಮ ಹಾಗೇ, ಎಲ್ಲ ಚೆನ್ನಾಗಿದೆ ಅನ್ನತ್ತೆ."

ಎಡಕ್ಕೆ, ತುಸು ದೂರದ ಕುರ್ಚಿಯಲ್ಲಿ ಸೊಸೆಯ ಮಾವ, ಮನೆಯ ಯಜಮಾನರು ಕೂತಿದ್ದಾರೆ. ಅವರು ಈವರೆಗೆ ಒಂದು ಮಾತೂ ಆಡಿಲ್ಲ. ಹೆಂಗಸು ಅದನ್ನೂ ಗಮನಿಸಿದ್ದಾರೆ, ಬರೆದುಕೊಂಡಿಲ್ಲ ಅಷ್ಟೆ.

ಈ ಸುತ್ತಿನ ನಾಲ್ಕೈದು ಬೀದಿಗಳಲ್ಲಿ ಇವರನ್ನು ಕರೆಯುವುದೇ ಅನುಮಾನದಕ್ಕ ಎಂದು. ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ಎದುರಿಗೆ ಬರಿಯ ಅಕ್ಕ, ಬೆನ್ನ ಹಿಂದೆ ಅನುಮಾನದಕ್ಕ. ಆ ಹೆಸರು ಅವರ ಕಿವಿಗೂ ಬಿದ್ದಿದೆ. "ಇಟ್ಟವರು ಯಾರು ಅಂತಲೂ ನನಗೆ ಅನುಮಾನ ಇದೆ," ಎಂದು ನಗುತ್ತಾರೆ.

ಹೆಸರು ಬಂದದ್ದು ಅವರ ಪದ್ಧತಿಯಿಂದ. ಯಾವ ಮನೆಗೆ ಹೋದರೂ ಮೊದಲು ಒಂದು ಬಿಳಿ ಬಟ್ಟೆ ಹಾಸುತ್ತಾರೆ. ತಮ್ಮ ಚೀಲವನ್ನು ಆ ಬಟ್ಟೆಯ ಮೇಲೆ ಬೋರಲು ಹಾಕಿ, ಒಳಗೆ ಏನೇನಿದೆ ಎಂದು ಮನೆಯವರಿಗೆ ತೋರಿಸುತ್ತಾರೆ: ಮೂರು ಸ್ಕ್ರೂಡ್ರೈವರ್, ಬಣ್ಣ ಬಳಿಯುವ ಕುಂಚ, ಪೆನ್ಸಿಲ್ ಅಳಿಸುವ ರಬ್ಬರು, ಒಂದು ಭೂತಗನ್ನಡಿ, ಕೆಂಪು ನೇಲ್ ಪಾಲಿಶಿನ ಪುಟ್ಟ ಬಾಟಲಿ. ಮನೆಯವರೊಬ್ಬರು ಪಕ್ಕದಲ್ಲಿ ಕೂರದೆ ಕಂಪ್ಯೂಟರ್ ಡಬ್ಬಿಯ ಮುಚ್ಚಳ ಬಿಚ್ಚುವುದಿಲ್ಲ. ಬಿಚ್ಚಿದ ಮೇಲೆ ಒಳಗಿನ ಒಂದೊಂದು ಭಾಗದ ಮೇಲಿರುವ ನಂಬರನ್ನೂ ಮನೆಯವರೇ ಗಟ್ಟಿಯಾಗಿ ಓದಬೇಕು, ಇವರು ಪುಸ್ತಕದಲ್ಲಿ ಬರೆಯುತ್ತಾರೆ, ಅದರ ನಕಲು ಚೀಟಿ ಮನೆಯವರಿಗೆ. ಕೆಲಸ ಮುಗಿದು ಮುಚ್ಚಳ ಹಾಕಿದ ಮೇಲೆ, ಸ್ಕ್ರೂವಿನ ತಲೆಯ ಮೇಲೆ ಅರ್ಧ, ಡಬ್ಬಿಯ ಮೇಲೆ ಅರ್ಧ ಬೀಳುವಂತೆ ಒಂದು ತೊಟ್ಟು ನೇಲ್ ಪಾಲಿಶ್. ಯಾರಾದರೂ ಆಮೇಲೆ ಸ್ಕ್ರೂ ತಿರುಗಿಸಿದರೆ ಆ ತೊಟ್ಟು ಸೀಳುತ್ತದೆ. ಕೊನೆಗೆ ಪುಸ್ತಕದಲ್ಲಿ ದೂರು, ಕಾರಣ ಎಂಬ ಎರಡು ಅಂಕಣ ತುಂಬಿ, ಇಬ್ಬರೂ ಸಹಿ ಹಾಕಬೇಕು.

ಇಷ್ಟೆಲ್ಲ ಯಾಕೆ? ಅದಕ್ಕೆ ಹಿಂದಿನ ಕತೆಯಿದೆ. ಅವರು ಮೊದಲು ಒಂದು ರಿಪೇರಿ ಅಂಗಡಿಯಲ್ಲಿ ಕೌಂಟರಿನ ಮುಂದೆ ಕೂರುತ್ತಿದ್ದರು. ಬಂದ ಮಷೀನಿಗೆ ಚೀಟಿ ಅಂಟಿಸಿ ಒಳಗೆ ಕಳಿಸುವುದಷ್ಟೇ ಕೆಲಸ. ಒಳಗೆ ಮೆಕ್ಯಾನಿಕ್ಕಿನ ಕೈ ಹೇಗೆ ಓಡುತ್ತದೆ ಎಂದು ಪರದೆಯ ಸಂದಿಯಿಂದ ನೋಡಿ ನೋಡಿಯೇ ಕೆಲಸ ಕಲಿತರು. ನೋಡಬಾರದ್ದನ್ನೂ ನೋಡಿದರು. ಚೆನ್ನಾಗಿರುವ ಭಾಗ ತೆಗೆದು ಸವೆದದ್ದನ್ನು ಹಾಕುವುದು ಅಲ್ಲಿ ಮಾತಿಲ್ಲದೆ ನಡೆಯುತ್ತಿತ್ತು. ಒಂದು ದಿನ ವಯಸ್ಸಾದ ಹೆಂಗಸೊಬ್ಬರು ವಾಪಸ್ ಬಂದು, "ನೀನು ಒಳ್ಳೇ ಹುಡುಗಿ ಥರ ಕಾಣ್ತೀಯ, ನಿಜ ಹೇಳಮ್ಮ, ಒಳಗೆ ಏನಾದ್ರೂ ಬದಲಾಯಿಸಿದ್ರಾ?" ಎಂದು ಕೇಳಿದರು.

"ಇಲ್ಲ ಅಂದೆ," ಎನ್ನುತ್ತಾರೆ ಅನುಮಾನದಕ್ಕ. "ಅವರು ನನ್ನ ಮಾತು ನಂಬಿ, ಥ್ಯಾಂಕ್ಸ್ ಅಂತ ಹೇಳಿ ಹೋದ್ರು. ಬೈದಿದ್ರೆ ಮರೆತುಬಿಡ್ತಿದ್ನೋ ಏನೋ. ಆ ಥ್ಯಾಂಕ್ಸ್ ಇದೆಯಲ್ಲ, ಅದು ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ."

ಅದಾದ ವಾರದಲ್ಲೇ ಅಂಗಡಿ ಬಿಟ್ಟರು. ಹನ್ನೊಂದು ವರ್ಷವಾಯಿತು ಎಂದು ಅವರ ಲೆಕ್ಕ. ಮೊದಲ ಪುಸ್ತಕದ ಮೊದಲ ಪುಟದ ತಾರೀಕು ನೋಡಿದರೆ ಹತ್ತು ವರ್ಷ ಎಂಟು ತಿಂಗಳು. ಈಗ ನಡೆಯುತ್ತಿರುವುದು ಮೂವತ್ತೆಂಟನೇ ಪುಸ್ತಕ. ಒಟ್ಟು 12,816 ಮನೆಭೇಟಿಗಳು. ಅದರಲ್ಲಿ ನಲವತ್ತೊಂದು ಕಡೆ ಕಾರಣದ ಅಂಕಣದಲ್ಲಿ 'ಗೊತ್ತಾಗಲಿಲ್ಲ' ಎಂದಿದೆ. ಸುಳ್ಳು ಕಾರಣ ಒಂದೂ ಇಲ್ಲ ಎನ್ನುತ್ತಾರೆ. ಹಾಗೆ ಹೇಳಿದ ಮೇಲೆ ಒಂದು ಗಳಿಗೆ ಯೋಚಿಸಿ, "ಬೇಕು ಅಂತ ಬರೆದದ್ದು ಒಂದೂ ಇಲ್ಲ," ಎಂದು ತಿದ್ದಿಕೊಳ್ಳುತ್ತಾರೆ.

ದಿನಕ್ಕೆ ನಾಲ್ಕರಿಂದ ಆರು ಮನೆ. ಹತ್ತು ಮನೆಯಲ್ಲಿ ಒಂಬತ್ತು ಮನೆಯವರು ಬಾಗಿಲು ತೆಗೆಯುವಾಗಲೇ "ನಾವೇನೂ ಮಾಡಿಲ್ಲ" ಎಂದು ಶುರುಮಾಡುತ್ತಾರಂತೆ. ಹತ್ತನೆಯವರು "ವೈರಸ್ ಬಂದಿದೆ" ಎನ್ನುತ್ತಾರೆ. ಏನೂ ಮಾಡದವರ ಡಬ್ಬಿಗಳೊಳಗೆ ಅವರಿಗೆ ಸಿಕ್ಕಿರುವುದು: ಅಂಗಿಯ ಗುಂಡಿ, ಹಲ್ಲಿಯ ಮೊಟ್ಟೆ, ಅರ್ಧ ಬಿಸ್ಕತ್ತು, ಹೆಂಡತಿಗೆ ಕಾಣದಂತೆ ಅಡಗಿಸಿಟ್ಟ ಸಿಗರೇಟು ಪ್ಯಾಕು. "ಅವತ್ತು ಕಾರಣದ ಅಂಕಣದಲ್ಲಿ 'ಗಾಳಿ ಆಡಲು ಅಡ್ಡಿ' ಅಂತ ಬರೆದೆ. ಸುಳ್ಳೇನಲ್ಲವಲ್ಲ."

ಅವರು ಜನರನ್ನು ಅನುಮಾನಿಸುತ್ತಾರೆ, ಜನ ಅವರನ್ನು. ಒಂದು ಮನೆಯಲ್ಲಿ ಕೈ ತೊಳೆಯಲು ಹೋದರೆ ಬಾಗಿಲ ತನಕ ಹಿಂದೆ ಬಂದಿದ್ದರು. ಇನ್ನೊಂದರಲ್ಲಿ ಚೀಲದ ಪಕ್ಕ ನಾಯಿ ಕಟ್ಟಿದ್ದರು. ಬಸ್ ಕಂಡಕ್ಟರ್ ಆಗಿರುವ ಅವರ ಗಂಡ ಹೇಳುವುದೇ ಬೇರೆ. "ದಿನಪೂರ್ತಿ ಎಲ್ಲರ ಟಿಕೆಟ್ ಕೇಳೋನು ನಾನು. ಆದ್ರೂ ಮನೇಲಿ ನನಗಿಂತ ಅವಳೇ ಹೆಚ್ಚು. ಹಾಲು ಒಡೆದ್ರೆ ಬೇರೆಯವರು ಹಾಲಿನವನನ್ನ ಬೈತಾರೆ. ಇವಳು, ಪಾತ್ರೆ ನಾನೇ ಸರಿಯಾಗಿ ತೊಳೆದಿರಲಿಲ್ವೇನೋ ಅಂತ ಮೂಸಿ ನೋಡ್ತಾ ಕೂರ್ತಾಳೆ."

ಮೊದಲ ಅನುಮಾನ ತನ್ನ ಮೇಲೇ. ಅದು ಅವರ ಕೆಲಸದ ಮೊದಲ ನಿಯಮ. ಈ ಮೂರನೇ ಮಹಡಿಯ ಮನೆಯಲ್ಲಿ ಅದೇ ನಿಯಮ ಮೂರ್ನಾಲ್ಕು ದಿನದಿಂದ ಅವರ ಊಟ ರುಚಿಸದಂತೆ ಮಾಡಿದೆ.

ಒಂಬತ್ತು ದಿನದ ಹಿಂದೆ ಈ ಮನೆಗೆ ಅವರೇ ಬಂದಿದ್ದರು. ಆಗಿನ ದೂರು ಬೇರೆ: ಗಂಟೆಗೊಮ್ಮೆ ಕಂಪ್ಯೂಟರ್ ಕಾದು ತಾನೇ ಆರಿಹೋಗುತ್ತಿತ್ತು. ಫ್ಯಾನಿಗೆ ದೂಳು ಕಂಬಳಿಯ ಹಾಗೆ ಹೊದ್ದುಕೊಂಡಿತ್ತು. ದೂಳು ತೆಗೆದರು. ಬಿಚ್ಚಿದ್ದು ಬಿಚ್ಚಿಯೇ ಆಯಿತಲ್ಲ ಎಂದು ರ‍್ಯಾಮನ್ನೂ ತೆಗೆದು ರಬ್ಬರಿನಿಂದ ಉಜ್ಜಿ ವಾಪಸ್ ಹಾಕಿದರು. ರ‍್ಯಾಮ್ ಎಂದರೆ ಬೆರಳುದ್ದದ ಹಸಿರು ಪಟ್ಟಿ, ಕಂಪ್ಯೂಟರಿನ ತಕ್ಷಣದ ನೆನಪೆಲ್ಲ ಇರುವುದು ಅದರಲ್ಲಿ. ಅವತ್ತು ನಂಬರುಗಳನ್ನು ಓದಿದವರು ಯಜಮಾನರು. ನಿವೃತ್ತ ಸ್ಟೋರ್ ಕೀಪರ್ ಅವರು. ಮೂವತ್ತೊಂದು ವರ್ಷ ಒಂದು ದೊಡ್ಡ ಉಗ್ರಾಣದಲ್ಲಿ ಪೆಟ್ಟಿಗೆಗಳ ಮೊಹರು, ನಂಬರು ತಾಳೆ ನೋಡಿಯೇ ತಲೆ ನರೆತವರು. ಕನ್ನಡಕ ಎರಡು ಸಲ ಒರೆಸಿಕೊಂಡರು, ಅಕ್ಕನ ಭೂತಗನ್ನಡಿಯನ್ನೂ ಇಸಿದುಕೊಂಡರು, ಒಂದೊಂದು ಅಂಕಿಯನ್ನೂ ಕಡಲೆ ಆರಿಸಿದ ಹಾಗೆ ಆರಿಸಿ ಓದಿದರು. "ಇಷ್ಟು ಚೆನ್ನಾಗಿ ಓದಿದವರನ್ನ ನಾನು ನೋಡೇ ಇರಲಿಲ್ಲ," ಎನ್ನುತ್ತಾರೆ ಅಕ್ಕ.

ನಾಲ್ಕು ದಿನ ಮಷೀನು ಸರಿಯಾಗಿತ್ತು. ಐದನೇ ಬೆಳಿಗ್ಗೆ ಶುರುವಾಯಿತು ಈ ಎದ್ದು ಬೀಳುವ ಆಟ. ಸೊಸೆಗೆ ಅದು ಆಟವಲ್ಲ. ವೈದ್ಯರು ಧ್ವನಿಮುದ್ರಿಸಿ ಕಳಿಸುವ ಟಿಪ್ಪಣಿಗಳನ್ನು ಬೆಳಿಗ್ಗೆ ಆರರಿಂದ ಎಂಟರೊಳಗೆ ಟೈಪು ಮಾಡಿ ಕಳಿಸಬೇಕಾದ ಕೆಲಸ ಆಕೆಯದು. ರೇಗಿದ್ದವಳು ಮೆಟ್ಟಿಲ ಬಳಿ ಸಿಕ್ಕ ಕೆಳಮನೆಯಾಕೆಗೆ ಹೇಳಿಕೊಂಡಳು: ಚೆನ್ನಾಗೇ ಇತ್ತು, ಆ ಅಕ್ಕ ಬಂದು ಹೋದ ಮೇಲೆ ಹೀಗೆ. ಕೆಳಮನೆಯಾಕೆ ಅದಕ್ಕೆ ಉಪ್ಪುಖಾರ ಹಚ್ಚಿದರು. ಎರಡು ದಿನದಲ್ಲಿ ಇಡೀ ಕಟ್ಟಡಕ್ಕೆ ಗೊತ್ತಾದದ್ದು ಇಷ್ಟು: ಅನುಮಾನದಕ್ಕ ಒಳ್ಳೇ ರ‍್ಯಾಮ್ ತೆಗೆದುಕೊಂಡು ಕೆಟ್ಟದ್ದು ಹಾಕಿದ್ದಾಳೆ, ಆ ಬಿಳಿ ಬಟ್ಟೆ, ಆ ಪುಸ್ತಕ, ಎಲ್ಲ ಬರೀ ನಾಟಕ.

ಮೂರು ಮನೆಯವರು ಫೋನು ಮಾಡಿ, "ಬರೋದು ಬೇಡ, ತಾನೇ ಸರಿ ಹೋಯ್ತು" ಎಂದರು. "ತಾನೇ ಸರಿ ಹೋಗೋ ಕಂಪ್ಯೂಟರನ್ನ ನಾನಿನ್ನೂ ನೋಡಿಲ್ಲ," ಎನ್ನುತ್ತಾರೆ ಅಕ್ಕ. "ನನ್ನ ಹತ್ರ ಅಂಗಡಿ ಇಲ್ಲ, ಬೋರ್ಡಿಲ್ಲ. ಬಾಗಿಲು ತೆಗೀತಾರಲ್ಲ, ಅದೇ ನನ್ನ ಅಂಗಡಿ. ಅದು ಮುಚ್ಚಿದ್ರೆ ಮುಗೀತು."

ಅದಕ್ಕಿಂತ ಅವರನ್ನು ಹಿಂಡುತ್ತಿದ್ದ ಸಂಗತಿ ಬೇರೆಯಿತ್ತು. ಅದನ್ನು ಗಂಡನ ಹತ್ತಿರ ಬಿಟ್ಟರೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಆ ದಿನ ಈ ಮನೆಗೆ ಬರುವ ಮೊದಲು ಇನ್ನೊಂದು ಮನೆಯಲ್ಲಿ ಅರ್ಧ ಸತ್ತ ರ‍್ಯಾಮೊಂದನ್ನು ಬದಲಾಯಿಸಿದ್ದರು. ಅದೇ ಕಂಪನಿ, ಅದೇ ಗಾತ್ರ, ಅದೇ ಹಸಿರು. "ಬಿಸಾಕಿಬಿಡಿ" ಎಂದು ಆ ಮನೆಯವರು ಹೇಳಿದ್ದರಿಂದ ಅದು ಚೀಲದಲ್ಲೇ ಇತ್ತು. ಚೀಲ ಬೋರಲು ಹಾಕಿದಾಗ ಅದೂ ಬಿಳಿ ಬಟ್ಟೆಯ ಮೇಲೆ ಬಿದ್ದಿತ್ತು. ಸಂಜೆ, ಹಳೆಯ ಭಾಗಗಳನ್ನು ಹಾಕುವ ಡಬ್ಬಕ್ಕೆ ಅದನ್ನು ಎಸೆಯುವಾಗ ಅವರು ನಂಬರು ನೋಡಲಿಲ್ಲ. ಎಸೆದದ್ದು ಸತ್ತದ್ದೋ, ಬದುಕಿದ್ದದ್ದೋ? ಉಜ್ಜಿ ವಾಪಸ್ ಹಾಕಿದ್ದು ಯಾವುದು? ಬಿಚ್ಚುವಾಗ ನಂಬರು ಓದಿಸುತ್ತಾರೆ. ಹಾಕಿದ ಮೇಲೆ ಓದಿಸುವ ಪದ್ಧತಿ ಇಲ್ಲ. ಇಷ್ಟು ವರ್ಷದಲ್ಲಿ ಆ ತೂತು ಅವರ ಕಣ್ಣಿಗೇ ಬಿದ್ದಿರಲಿಲ್ಲ. ಅರ್ಧ ಸತ್ತ ರ‍್ಯಾಮ್ ಹಾಕಿದರೆ ಮಷೀನು ಆಡುವುದೂ ಹೀಗೇ: ಅರ್ಧ ಸುತ್ತು, ಕಪ್ಪು.

"ಜನ ನನ್ನನ್ನ ಕಳ್ಳಿ ಅಂತಿದ್ರು. ಅಲ್ಲ ಅಂತ ಗಟ್ಟಿಯಾಗಿ ಹೇಳೋಕೆ ನನಗೇ ಆಗ್ತಿರಲಿಲ್ಲ. ಬೇಕು ಅಂತ ಮಾಡಿಲ್ಲ, ನಿಜ. ಆದ್ರೆ ಅವತ್ತು ಅಂಗಡಿಗೆ ಬಂದ ಆ ಮುದುಕಿಗೆ ಆಗಿದ್ದೂ ಇವರಿಗೆ ಆಗಿದ್ದೂ ಒಂದೇ ಆಗ್ತಿತ್ತಲ್ವಾ?"

ಹಾಗಾಗಿ ಈ ಬೆಳಿಗ್ಗೆ ಬಿಳಿ ಬಟ್ಟೆಯನ್ನು ಎರಡು ಸಲ ಕೊಡವಿ ಹಾಸುತ್ತಾರೆ. ಚೀಲ ಬೋರಲು ಹಾಕುತ್ತಾರೆ. ಪ್ಲಗ್ ಕೀಳುತ್ತಾರೆ. ಡಬ್ಬಿಯನ್ನು ಬಟ್ಟೆಯ ಮೇಲೆ ಮಲಗಿಸಿ ಹಿಂಬದಿಯ ಸ್ಕ್ರೂಗಳನ್ನು ನೋಡುತ್ತಾರೆ. ನೋಡಿ, ಇನ್ನಷ್ಟು ಬಗ್ಗಿ, ಮತ್ತೆ ನೋಡುತ್ತಾರೆ. ಒಂದು ಸ್ಕ್ರೂವಿನ ಮೇಲಿನ ಕೆಂಪು ತೊಟ್ಟು ನಡುವೆ ಸೀಳಿದೆ. ಇನ್ನೊಂದರದ್ದೂ ಅಷ್ಟೆ.

"ಇದನ್ನ ಯಾರಾದ್ರೂ ಬಿಚ್ಚಿದ್ರಾ?" ಎಂದು ಸಾಧಾರಣ ದನಿಯಲ್ಲಿ ಕೇಳುತ್ತಾರೆ.

"ಇಲ್ಲಪ್ಪ!" ಎನ್ನುತ್ತಾಳೆ ಸೊಸೆ, ಪ್ರಶ್ನೆ ಮುಗಿಯುವ ಮೊದಲೇ.

"ಯಾರು ಬಿಚ್ತಾರೆ?" ಎನ್ನುತ್ತಾರೆ ಯಜಮಾನರು. ಅದು ಅವರ ಈ ದಿನದ ಮೊದಲ ಮಾತು.

ಅಕ್ಕ ಇಬ್ಬರ ಮುಖವನ್ನೂ ನೋಡುವುದಿಲ್ಲ. ಅವರ ಅನುಮಾನ ಮೊದಲು ಹೋದದ್ದು ಸೊಸೆಯ ಕಡೆಗೇ: ಇನ್ನೊಬ್ಬ ರಿಪೇರಿಯವರನ್ನು ಕರೆಸಿ ತೋರಿಸಿರಬಹುದೇ? ತೋರಿಸಿದ್ದರೆ ಇಷ್ಟು ಬೇಗ 'ಇಲ್ಲ' ಬರುತ್ತಿತ್ತೇ? ಮರುಗಳಿಗೆಯೇ ತನ್ನ ಮೇಲೆ: ಪಾಲಿಶ್ ಹಳೆಯದು, ಒಣಗಿ ತಾನೇ ಬಿರುಕು ಬಿಟ್ಟಿದ್ದರೆ? ಎರಡೂ ಒಂದೇ ಥರ ಬಿಡುತ್ತವೆಯೇ? ತಲೆಯೊಳಗೆ ಇದು ನಡೆಯುತ್ತಿರುವಾಗ ಕೈ ಸ್ಕ್ರೂ ಬಿಚ್ಚುತ್ತಿದೆ. ಮುಚ್ಚಳ ಪಕ್ಕಕ್ಕೆ ಸರಿಯುತ್ತದೆ.

"ಸರ್, ರ‍್ಯಾಮಿನ ನಂಬರ್ ನೀವೇ ಓದಿ. ಚೀಟಿ ಇವರ ಹತ್ರ ಕೊಡಿ, ತಾಳೆ ನೋಡಲಿ."

ಸೊಸೆ ಚೀಟಿ ಹಿಡಿಯುತ್ತಾಳೆ. ಯಜಮಾನರು ಕುರ್ಚಿಯಿಂದ ಎದ್ದು ಬಂದು ಡಬ್ಬಿಯೊಳಕ್ಕೆ ಇಣುಕಿ, ಸರಾಗವಾಗಿ ಓದುತ್ತಾರೆ. ಹನ್ನೆರಡು ಅಂಕಿ. ಕೊನೆಯವು ನಾಲ್ಕು, ಏಳು, ಸೊನ್ನೆ, ಒಂಬತ್ತು.

"ಸರಿ ಇದೆ," ಎನ್ನುತ್ತಾಳೆ ಸೊಸೆ, ಸ್ವಲ್ಪ ತಗ್ಗಿದ ದನಿಯಲ್ಲಿ.

ಅಕ್ಕನಿಗೆ ಇಷ್ಟಕ್ಕೇ ನೆಮ್ಮದಿ ಆಗಬೇಕಿತ್ತು. ಆಗಲಿಲ್ಲ. ಅವರ ಕಣ್ಣು ಯಜಮಾನರ ಅಂಗಿಯ ಜೇಬಿನ ಮೇಲಿದೆ. ಕನ್ನಡಕ ಜೇಬಿನಲ್ಲೇ ಇದೆ. ಇರುವೆಯ ಕಾಲಿನಷ್ಟು ಸಣ್ಣ ಅಂಕಿಗಳು, ಒಂಬತ್ತು ದಿನದ ಹಿಂದೆ ಕನ್ನಡಕದ ಮೇಲೆ ಭೂತಗನ್ನಡಿಯೂ ಬೇಕಾಗಿತ್ತು. ಚೀಟಿ ನೋಡಿ ಬಾಯಿಪಾಠ ಆಗಿರಬಹುದು ಎಂದು ಅವರೇ ಸಮಾಧಾನ ಹೇಳಿಕೊಳ್ಳುತ್ತಾರೆ. ಜೀವಮಾನವೆಲ್ಲ ನಂಬರು ಓದಿದವರು. ಆದರೂ ಸಮಾಧಾನ ಸಾಲದೆ ತಾವೇ ಭೂತಗನ್ನಡಿ ಹಿಡಿದು ಓದುತ್ತಾರೆ, ಆಮೇಲೆ ಸೊಸೆಯಿಂದಲೂ ಓದಿಸುತ್ತಾರೆ. ನಾಲ್ಕು, ಏಳು, ಸೊನ್ನೆ, ಒಂಬತ್ತು. ಅದೇ ರ‍್ಯಾಮ್. ಬದಲಾಗಿಲ್ಲ.

ಸೊಸೆ ಚೀಟಿಯನ್ನು ಮಡಚುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಚುತ್ತಾಳೆ. "ನಾನು ಕೆಳಗಡೆ ಏನೇನೋ ಅಂದುಬಿಟ್ಟೆ ಅಕ್ಕಾ..."

"ಅದಿರಲಿ. ಇಲ್ಲಿ ನೋಡಿ." ಅಕ್ಕನ ಬೆರಳು ರ‍್ಯಾಮಿನ ಒಂದು ತುದಿಯ ಕ್ಲಿಪ್ಪಿನ ಮೇಲಿದೆ. ಎರಡು ತುದಿಗೂ ಒಂದೊಂದು ಕ್ಲಿಪ್ಪು. ಈಚೆಯದು ಪೂರ್ತಿ ಕಚ್ಚಿಕೊಂಡಿದೆ. ಆಚೆಯದು ಒಂದು ಅಕ್ಕಿಕಾಳಿನಷ್ಟು ಮೇಲೆ ನಿಂತಿದೆ. "ತಣ್ಣಗಿದ್ದಾಗ ಈ ತುದಿ ತಾಗಲ್ಲ. ಮಷೀನು ಬಿಸಿಯಾದ ಮೇಲೆ ಕೂದಲೆಳೆಯಷ್ಟು ಹಿಗ್ಗಿ ತಾಗತ್ತೆ. ಎಲ್ಲಿ, ನಿಮ್ಮ ಹೆಬ್ಬೆರಳಿಂದ ಒತ್ತಿ. ಹೆದರಬೇಡಿ, ಒತ್ತಿ."

ಸೊಸೆ ಒತ್ತುತ್ತಾಳೆ. ಕಟ್ ಎಂದು ಸದ್ದಾಗುತ್ತದೆ. ಆ ಸದ್ದಿಗೆ ಯಜಮಾನರು ಥಟ್ಟನೆ ತಲೆ ಎತ್ತುತ್ತಾರೆ, ಹಿಂದೊಮ್ಮೆ ಕೇಳಬೇಕಾಗಿದ್ದು ಕೇಳದೆ ಹೋದ ಸದ್ದು ಈಗ ಕೇಳಿದವರ ಹಾಗೆ. ಅಕ್ಕ ಅದನ್ನೂ ನೋಡುತ್ತಾರೆ.

"ಅಂದ್ರೆ," ಸೊಸೆ ತಡೆದು ತಡೆದು ಕೇಳುತ್ತಾಳೆ, "ಅವತ್ತು ನೀವು ಸರಿಯಾಗಿ ಕೂರಿಸಿರಲಿಲ್ವಾ?"

ಯಜಮಾನರು ತಮ್ಮ ಕುರ್ಚಿಗೆ ಹಿಂದಿರುಗಿ ಕೂರುತ್ತಾರೆ. ಅಕ್ಕ ಕಾಯುತ್ತಾರೆ. ಎಡಗಡೆಯ ಕುರ್ಚಿಯಿಂದ ಮಾತು ಬರುವುದಿಲ್ಲ.

"ಇರಬಹುದು," ಎನ್ನುತ್ತಾರೆ ಕೊನೆಗೆ. "ಆದ್ರೆ ಆಮೇಲೆ ನಾಲ್ಕು ಬೆಳಿಗ್ಗೆ ಸರಿಯಾಗಿ ಎದ್ದಿದೆಯಲ್ಲ, ಅದು ನನಗೆ ಅರ್ಥ ಆಗ್ತಿಲ್ಲ." ಆ ಮಾತನ್ನು ಅವರು ಹೇಳಿದ್ದು ಡಬ್ಬಿಗೆ.

ಮಷೀನು ಹಾಕಿದರೆ ಒಂದೇ ಸಲಕ್ಕೆ ತೆರೆದುಕೊಳ್ಳುತ್ತದೆ. ಸೊಸೆ ಉಸ್ಸಪ್ಪಾ ಎಂದು ಕುರ್ಚಿ ಎಳೆದುಕೊಂಡು ಟೈಪು ಮಾಡಲು ಕೂರುತ್ತಾಳೆ. ಅನುಮಾನದಕ್ಕ ಮಾತ್ರ ಪುಸ್ತಕಕ್ಕೆ ಸಹಿ ಕೇಳುವುದಿಲ್ಲ. ಈಗ ಮಷೀನು ಬಿಸಿಯಿದೆ, ಅದರ ಮಾತು ನಂಬುವಂತಿಲ್ಲ. ನಾಳೆ ಇದೇ ಹೊತ್ತಿಗೆ ಬರುತ್ತೇನೆ, ಅಲ್ಲಿಯವರೆಗೆ ಮುಚ್ಚಳ ತೆಗೆದೇ ಇರಲಿ, ಯಾರೂ ಒಳಗೆ ಕೈ ಹಾಕಬೇಡಿ ಎನ್ನುತ್ತಾರೆ. 'ಯಾರೂ' ಎನ್ನುವಾಗಲೂ ಅವರ ದನಿ ಏರುವುದಿಲ್ಲ.

ಅವತ್ತು ಅವರಿಗೆ ಇದ್ದದ್ದು ಎರಡೇ ಮನೆ. ಸಾಮಾನ್ಯವಾಗಿ ಐದಿರುತ್ತದೆ. ಎರಡನೇ ಮನೆಯಿಂದ ನಡೆದು ಬರುವಾಗ, ಜನ ಇಷ್ಟು ಅನುಮಾನಿಸುವ ಕೆಲಸದಲ್ಲಿ ಇನ್ನೂ ಏನು ಬೇಕು ಅನ್ನಿಸುತ್ತದೆ ಎಂದು ಕೇಳಿದರೆ, ಸ್ವಲ್ಪ ನಾಚಿಕೊಂಡೇ ಹೇಳುತ್ತಾರೆ. "ಒಂದೇ ಒಂದು ಸಲ, ಯಾರಾದ್ರೂ ಒಬ್ರು, ಬಿಚ್ಚಿದ ಮಷೀನಿನ ಮುಂದೆ ನನ್ನೊಬ್ಬಳನ್ನೇ ಬಿಟ್ಟು, 'ನೋಡ್ಕೊಳಿ, ನಾನು ಬಂದೆ' ಅಂತ ಎದ್ದು ಹೋಗ್ಬೇಕು. ಪಕ್ಕದಲ್ಲಿ ಕೂತ್ಕೊಳಿ ಅಂತ ಹೇಳೋಳು ನಾನೇ, ಗೊತ್ತು. ಆದ್ರೂ ಯಾರಿಗಾದ್ರೂ ಒಬ್ರಿಗೆ ಇವಳ ಹತ್ರ ಕೂರೋದು ಬೇಡ ಅನ್ನಿಸ್ಬೇಕಲ್ವಾ?"

ಕೆಂಪು ತೊಟ್ಟು ಸೀಳಿದ್ದನ್ನು ಸೊಸೆಯ ಮುಂದೆ ಯಾಕೆ ಹೇಳಲಿಲ್ಲ? "ಸೀಳಿದ್ದು ನೋಡಿದೀನಿ. ಸೀಳಿದವರನ್ನ ನೋಡಿಲ್ಲ. ನೋಡದೇ ಇರೋದನ್ನ ಹೇಳಿದ್ರೆ ನನಗೂ ಕೆಳಮನೆಯವರಿಗೂ ಏನು ವ್ಯತ್ಯಾಸ?"

ಮರುದಿನ ಐದೂ ಮುಕ್ಕಾಲಿಗೆ ಅವರು ಗಂಟೆ ಒತ್ತುವ ಮೊದಲೇ ಬಾಗಿಲು ತೆರೆಯುತ್ತದೆ. ಯಜಮಾನರೇ ನಿಂತಿದ್ದಾರೆ. ಸ್ನಾನವಾಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಳೆಯ ಉಗ್ರಾಣದ ಕೆಲಸಕ್ಕೆ ಹೊರಟವರ ಹಾಗಿದ್ದಾರೆ. ಕಣ್ಣು ಮಾತ್ರ ನಿದ್ದೆ ಕಂಡಂತಿಲ್ಲ.

ಸೊಸೆ ಗುಂಡಿ ಒತ್ತುತ್ತಾಳೆ. ಫ್ಯಾನು. ಗುರುತು. ಚುಕ್ಕಿಗಳು. ಅರ್ಧ ಸುತ್ತು. ಚುಕ್ಕಿಗಳು ಪೂರ್ತಿ ಸುತ್ತುತ್ತವೆ, ಇನ್ನೊಂದು ಸುತ್ತು, ಮತ್ತೊಂದು, ಪರದೆ ತೆರೆದುಕೊಳ್ಳುತ್ತದೆ.

"ಬಂತು!" ಎಂದು ಸೊಸೆ ಚಪ್ಪಾಳೆ ತಟ್ಟಿ, ಟೀ ಮಾಡಲು ಅಡುಗೆಮನೆಗೆ ಹೋಗುತ್ತಾಳೆ.

ಅನುಮಾನದಕ್ಕ ಮಷೀನು ಆರಿಸಿ, ಪ್ಲಗ್ ಕಿತ್ತು, ಪುಸ್ತಕ ತೆರೆಯುತ್ತಾರೆ. ತಾರೀಕು, ಹೊತ್ತು, ನಂಬರು, ದೂರು, ಎಲ್ಲ ತುಂಬುತ್ತಾರೆ. ಕಾರಣದ ಅಂಕಣಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ಪುಸ್ತಕವನ್ನು ತಿರುಗಿಸಿ ಯಜಮಾನರ ಮುಂದಿಡುತ್ತಾರೆ.

"ಸರ್, ಇದೊಂದು ನೀವೇ ತುಂಬಿ. ಗೊತ್ತಿಲ್ಲದ್ದನ್ನ ನಾನು ಬರೆಯಲ್ಲ."

ಯಜಮಾನರು ಖಾಲಿ ಜಾಗವನ್ನು ನೋಡುತ್ತಾರೆ. "ನಿಮಗೆ ಗೊತ್ತು," ಎನ್ನುತ್ತಾರೆ.

"ಅನುಮಾನ ಇದೆ. ಗೊತ್ತಿಲ್ಲ."

ಯಜಮಾನರು ಪೆನ್ನು ತೆಗೆದುಕೊಳ್ಳುತ್ತಾರೆ. ಮೊಹರು ಒಡೆದ ಪೆಟ್ಟಿಗೆಗಳ ಬಗ್ಗೆ ಮೂವತ್ತೊಂದು ವರ್ಷ ಬರೆದ ಕೈ ಅದು. ಅಕ್ಷರ ನೇರವಾಗಿ, ಒತ್ತಾಗಿ ಬೀಳುತ್ತದೆ. ಬರೆದು ಮುಗಿಸಿ, "ಬಾಮ್ಮ ಇಲ್ಲಿ," ಎಂದು ಸೊಸೆಯನ್ನು ಕರೆಯುತ್ತಾರೆ. ಕೈಯಲ್ಲಿ ಚಮಚ ಹಿಡಿದೇ ಬಂದ ಸೊಸೆಯ ಮುಂದೆ ಗಟ್ಟಿಯಾಗಿ ಓದುತ್ತಾರೆ: "ರಿಪೇರಿಯಾದ ನಾಲ್ಕನೇ ದಿನ ಸಂಜೆ, ನಂಬರು ತಾಳೆ ನೋಡಲು ರ‍್ಯಾಮ್ ಹೊರತೆಗೆದವನು ನಾನು. ನಂಬರು ಸರಿಯಾಗಿತ್ತು. ವಾಪಸ್ ಹಾಕುವಾಗ ಸರಿಯಾಗಿ ಕೂರಿಸಲಿಲ್ಲ."

"ಮಾವಾ!" ಚಮಚ ಮೇಜಿನ ಮೇಲೆ ಬೀಳುತ್ತದೆ. "ಐದು ದಿನ ನಾನು ಇವರ ತಲೆ ಮೇಲೆ ಗೂಬೆ ಕೂರಿಸ್ತಾ ಇದ್ದೆ. ಕೆಳಮನೆಯವರು ಬಾಯಿಗೆ ಬಂದದ್ದು ಅಂದ್ರು. ನೀವು ಇಲ್ಲೇ ಕೂತು ಎಲ್ಲ ಕೇಳ್ತಾ ಇದ್ರಲ್ಲ!"

"ನಂಬರ್ ಸರಿ ಇದೆ ಅಂತ ಹೇಳ್ಬೇಕಾದ್ರೆ, ಬಿಚ್ಚಿದೆ ಅಂತಲೂ ಹೇಳ್ಬೇಕಿತ್ತಲ್ಲಮ್ಮ." ಯಜಮಾನರು ಅಕ್ಕನ ಕಡೆ ತಿರುಗುತ್ತಾರೆ. "ಸ್ಟೋರಿನಲ್ಲಿ ನಾನು ಒಂದು ಮೊಹರನ್ನೂ ನಂಬಿದವನಲ್ಲ. ನೀವು ಚೀಟಿ ಕೊಟ್ರಿ ನೋಡಿ, ಅದೇ ನನ್ನ ತಲೆ ಕೊರೀತು. ಇಷ್ಟು ಪಕ್ಕಾ ಇರೋರು ಏನೋ ಮುಚ್ಚಿಡ್ತಿರ್ಬೇಕು ಅನ್ನಿಸ್ತು. ತೆಗೆದು ನೋಡಿದೆ. ಸರಿ ಇತ್ತು. ಸಮಾಧಾನ ಆಯ್ತು. ಬೆಳಿಗ್ಗೆ ಎದ್ರೆ ಮಷೀನು ಬಿದ್ದಿದೆ."

"ನಿಮ್ಮ ಜಾಗದಲ್ಲಿ ನಾನಿದ್ರೂ ತೆಗೆದು ನೋಡ್ತಿದ್ದೆ ಸರ್," ಎನ್ನುತ್ತಾರೆ ಅಕ್ಕ. ಅದನ್ನು ಅವರು ಉಪಚಾರಕ್ಕೆ ಹೇಳಲಿಲ್ಲ. "ಕಟ್ ಅನ್ನೋ ತನಕ ಒತ್ತುತ್ತಿದ್ದೆ, ಅಷ್ಟೇ."

ಯಜಮಾನರು ನಗಲು ಹೋಗಿ, ನಗಲಾಗದೆ, ಎದ್ದು ನಿಂತು ಅಂಗಿ ಸರಿಮಾಡಿಕೊಳ್ಳುತ್ತಾರೆ. ಸೊಸೆ ಆಗಲೇ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಾಳೆ. "ನಾನು ಕೆಳಗೆ ಹೋಗಿ ಹೇಳಿ ಬರ್ತೀನಿ. ಈಗಲೇ ಹೋಗ್ತೀನಿ."

"ನೀನಲ್ಲ, ಹೇಳ್ಬೇಕಾದವನು ನಾನು," ಎನ್ನುತ್ತಾರೆ ಯಜಮಾನರು. "ನೀನೂ ಬಾ. ಅಂದವರಲ್ಲಿ ನೀನೂ ಇದ್ದೀಯಲ್ಲ." ಹೊಸ್ತಿಲು ದಾಟಿದವರು ಹಿಂದಿರುಗಿ ನೋಡಿ, "ನೀವು ಮುಚ್ಚಳ ಹಾಕ್ಕೊಳಿ. ನಾವು ಬಂದ್ವಿ," ಎಂದು ಬಾಗಿಲನ್ನು ಅರ್ಧ ಎಳೆದುಕೊಳ್ಳುತ್ತಾರೆ.

ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು ಕೆಳಕ್ಕಿಳಿಯುತ್ತದೆ. ಕೆಳಗೆಲ್ಲೋ ಕರೆಗಂಟೆ ಸದ್ದಾಗುತ್ತದೆ, ಒಂದು ಬಾಗಿಲು ತೆರೆಯುತ್ತದೆ, ಮಾತು ಶುರುವಾಗುತ್ತದೆ.

ಮುಚ್ಚಳವಿಲ್ಲದ ಡಬ್ಬಿಯ ಮುಂದೆ ಅನುಮಾನದಕ್ಕ ಒಬ್ಬರೇ. ಹತ್ತು ವರ್ಷ ಎಂಟು ತಿಂಗಳಲ್ಲಿ ಇದೇ ಮೊದಲು. ಅವರು ಸುತ್ತ ನೋಡುತ್ತಾರೆ. ಮೇಜಿನ ಮೇಲೆ ಮಾವನ ಗಡಿಯಾರ, ಸೊಸೆಯ ಪರ್ಸು, ಬೀಗ ಹಾಕದ ಕಪಾಟು. ಸ್ಕ್ರೂಡ್ರೈವರು ಕೈಗೆಟುಕುವಷ್ಟು ದೂರದಲ್ಲಿದೆ. ಅವರು ಅದನ್ನು ಮುಟ್ಟುವುದಿಲ್ಲ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು, ಬಾಲ್ಕನಿಯಿಂದ ಬರುತ್ತಿರುವ ಬೆಳಕನ್ನು ನೋಡುತ್ತ ಕೂರುತ್ತಾರೆ. ಅಡುಗೆಮನೆಯಲ್ಲಿ ಟೀ ಉಕ್ಕುವ ಸದ್ದು ಕೇಳಿದಾಗ ಮಾತ್ರ ಎದ್ದುಹೋಗಿ ಒಲೆ ಆರಿಸಿ, ಮತ್ತೆ ಬಂದು, ಪುಸ್ತಕದಲ್ಲಿ ಒಂದು ಗೆರೆ ಎಳೆದು, ಮೊದಲಿನ ಹಾಗೇ ಕೂರುತ್ತಾರೆ.

ಹತ್ತು ನಿಮಿಷದ ಮೇಲೆ ಇಬ್ಬರೂ ಹತ್ತಿ ಬರುತ್ತಾರೆ. ಯಜಮಾನರ ಮುಖ ಕೆಂಪಾಗಿದೆ. ಕೆಳಗೆ ಸುಲಭವಾಗಿ ಮುಗಿದಿಲ್ಲ ಎಂದು ಕಾಣುತ್ತದೆ. ಡಬ್ಬಿ ಇದ್ದ ಹಾಗೇ ಇರುವುದನ್ನು ನೋಡಿ ಅವರು ನಿಂತುಬಿಡುತ್ತಾರೆ.

"ಇನ್ನೂ ಮುಚ್ಚಿಲ್ವಾ? ನಿಮ್ಮನ್ನ ನಂಬಿಯೇ ಹೋಗಿದ್ದು."

"ಗೊತ್ತಾಯ್ತು ಸರ್. ಖುಷಿಯಾಯ್ತು," ಎನ್ನುತ್ತಾರೆ ಅನುಮಾನದಕ್ಕ. ಪುಸ್ತಕದ ಪುಟದಲ್ಲಿ, ಸಹಿಗಳ ಜಾಗಕ್ಕಿಂತ ಸ್ವಲ್ಪ ಮೊದಲು, ಪೆನ್ನಿನಿಂದ ಈಗಷ್ಟೇ ಎಳೆದ ಒಂದು ಗೆರೆಯಿದೆ. ಗೆರೆಯ ನೆತ್ತಿಯಲ್ಲಿ 'ಹಾಕಿದ ಮೇಲೆ' ಎಂದು ಬರೆದಿದೆ. "ಇವತ್ತಿಂದ ಇದೊಂದು ಹೊಸ ಅಂಕಣ. ನನ್ನ ಪದ್ಧತಿಯಲ್ಲೇ ಒಂದು ತೂತಿತ್ತು. ನಂಬರ್ ಇನ್ನೊಂದು ಸಲ ಓದಿ, ಆಮೇಲೆ ಮುಚ್ಚೋಣ."

ಯಜಮಾನರು ಜೇಬಿನಿಂದ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಎರಡು ಸಲ ಒರೆಸಿ, ಮೂಗಿನ ಮೇಲಿಟ್ಟುಕೊಂಡು, ಪಕ್ಕದ ಕುರ್ಚಿ ಎಳೆದು ಕೂರುತ್ತಾರೆ.

"ಭೂತಗನ್ನಡಿ ಕೊಡಿ," ಎನ್ನುತ್ತಾರೆ.